ತಿಂಗಳಿಗೆ 500 ರೂಪಾಯಿ, ಹಳೇ ಕನ್ನಡ ಕಾಮಿಕ್ಸ್

ಹಳೇ ಕಾಮಿಕ್ಸ್ ಕೂಡಿಡಬೇಕು ಅಂದರೆ ಕೈತುಂಬ ದುಡ್ಡಿರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಸಂಬಳದಲ್ಲಿ ತಿಂಗಳಿಗೆ 500 ರೂಪಾಯಿ ಎತ್ತಿಟ್ಟು ಶುರು ಮಾಡಿದೆ. ಈಗಲೂ ಅಷ್ಟೇ ಇಡುತ್ತೇನೆ. ಅದು ಸಾಲುವುದಕ್ಕೆ ಒಂದು ಕಾರಣ ಇದೆ. ನಾನು ಕೊಳ್ಳುವುದು ಕನ್ನಡದಲ್ಲಿ ಅಚ್ಚಾದದ್ದನ್ನು ಮಾತ್ರ. ಅದರಲ್ಲೂ ಹಳೇ ಅಮರ ಚಿತ್ರಕಥೆ ಮತ್ತು ಇಂದ್ರಜಾಲ ಕಾಮಿಕ್ಸ್.

ಇಂಗ್ಲಿಷ್ ಸಂಚಿಕೆಗಳ ಕಥೆಯೇ ಬೇರೆ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಫ್ಯಾಂಟಮ್ ಕಥೆಯಿಂದ ಶುರುವಾಗಿ 1990ರಲ್ಲಿ ನಿಂತುಹೋಯಿತು. ಮೊದಲ ಸಂಚಿಕೆಗಳ ಬೆಲೆ 60 ಪೈಸೆ. ಈಗ ಅದೇ ಸಂಚಿಕೆಗಳಿಗೆ ಸಾವಿರಗಟ್ಟಲೆ ಕೇಳುತ್ತಾರೆ, ಕೊಡುವವರೂ ಇದ್ದಾರೆ. ಆ ಪೈಪೋಟಿಯಲ್ಲಿ ನನ್ನಂಥವರಿಗೆ ಜಾಗ ಇಲ್ಲ. ಕನ್ನಡದ ಪ್ರತಿ ಸಿಕ್ಕುವುದು ಕಷ್ಟ ನಿಜ. ಆದರೆ ಸಿಕ್ಕಾಗ ಮಾರುವವರು ಅದನ್ನು ಹಳೇ ಮಕ್ಕಳ ಪುಸ್ತಕದ ರೇಟಿಗೇ ಕೊಡುತ್ತಾರೆ. ದುಡ್ಡಿಗಿಂತ ಓಡಾಟ, ತಾಳ್ಮೆ ಜಾಸ್ತಿ ಬೇಕು.

ಇನ್ನೊಂದು ಕಾರಣವೂ ಇದೆ. ಇದನ್ನು ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ. ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ 1965ರಲ್ಲಿ ಅದು ಶುರುವಾಯಿತು. ಸಿಂಡ್ರೆಲಾ ಥರದ ಹೊರದೇಶದ ಕಥೆಗಳನ್ನು ಕನ್ನಡಕ್ಕೆ ತಂದ ಹತ್ತು ಪುಸ್ತಕಗಳು ಅವು. ಆಮೇಲೆ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಪುರಾಣ, ಇತಿಹಾಸದ ಕಥೆಗಳು ಬಂದವು. ಇಂಗ್ಲಿಷಿನ ಹಳೇ ಸರಣಿ 1ನೇ ನಂಬರಿನಿಂದಲ್ಲ, 11ನೇ ನಂಬರಿನ 'ಕೃಷ್ಣ'ದಿಂದ ಶುರುವಾಗುವುದು ಇದಕ್ಕೇ. ಇಷ್ಟು ದೊಡ್ಡ ಸರಣಿಯ ಬೇರು ನಮ್ಮ ಭಾಷೆಯಲ್ಲಿದೆ. ಅದನ್ನು ಕಾಪಾಡುವವರು ನಾವಲ್ಲದೆ ಇನ್ಯಾರು, ಅಲ್ವಾ?

ಎಲ್ಲಿ ಹುಡುಕುವುದು? ಬೆಂಗಳೂರಿನವರು ಮೊದಲು ಹೇಳುವುದು ಅವೆನ್ಯೂ ರೋಡ್. ಭಾನುವಾರ ಅಲ್ಲಿನ ಫುಟ್‌ಪಾತ್ ನೋಡಲೇಬೇಕು, ಆದರೆ ಅಲ್ಲಿ ಪಠ್ಯಪುಸ್ತಕಗಳದ್ದೇ ರಾಜ್ಯ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕಾಮಿಕ್ಸ್ ಧಾರಾಳವಾಗಿವೆ, ಹೆಚ್ಚಿನವು ಇಂಗ್ಲಿಷ್. ನನಗೆ ಒಳ್ಳೊಳ್ಳೆ ಪ್ರತಿ ಸಿಕ್ಕಿದ್ದು ಹಳೇ ಪೇಪರ್ ಅಂಗಡಿಗಳಲ್ಲಿ. ಅದೂ ತುಮಕೂರು, ಹಾಸನದಂಥ ಊರುಗಳಲ್ಲಿ. ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವ ಗಂಟುಗಳೆಲ್ಲ ಅಲ್ಲಿಗೇ ಬರುತ್ತವೆ. ಅಂಗಡಿಯವರ ಹತ್ತಿರ ಚೌಕಾಸಿ ಮಾಡಬೇಡಿ. ತೂಕಕ್ಕೆ ಕೊಂಡದ್ದಕ್ಕೆ ನೀವು ಒಂದೊಂದಕ್ಕೆ 20, 30 ರೂಪಾಯಿ ಕೊಟ್ಟರೆ ಅವರಿಗೂ ಖುಷಿ. ಫೋನ್ ನಂಬರ್ ಕೊಟ್ಟು, ಒಂದು ಕಾಮಿಕ್ಸ್ ತೋರಿಸಿ, 'ಇಂಥದ್ದು ಬಂದರೆ ಎತ್ತಿಡಿ' ಅಂತ ಹೇಳಿ ಬನ್ನಿ. ಹಾಗೆ ಎತ್ತಿಟ್ಟವರಿಂದಲೇ ನನ್ನ ಕಪಾಟು ತುಂಬಿದ್ದು.

ಬೈಂಡ್ ಮಾಡಿಸಿದ ಸಂಪುಟ ಕಂಡರೆ ಬಿಡಬೇಡಿ. ಆಗೆಲ್ಲ ಮನೆಮಂದಿ ಹತ್ತು ಹನ್ನೆರಡು ಕಾಮಿಕ್ಸ್ ಸೇರಿಸಿ, ರಟ್ಟು ಹಾಕಿ ಹೊಲಿಸುತ್ತಿದ್ದರು. ಅಂಚು ಕತ್ತರಿಸಿರುತ್ತಾರೆ, ಹೊಲಿಗೆ ಚಿತ್ರದ ಒಳಗೇ ಹೋಗಿರುತ್ತದೆ. ಹಾಗಾಗಿ ದೊಡ್ಡ ಸಂಗ್ರಾಹಕರು ಮುಟ್ಟುವುದಿಲ್ಲ. ಕಡಿಮೆ ಬಜೆಟ್‌ನವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ರಟ್ಟಿನ ರಕ್ಷಣೆಯಲ್ಲಿ ಒಳಗಿನ ಮುಖಪುಟಗಳ ಬಣ್ಣ ಎಷ್ಟೋ ಸಲ ಹೊಸದರ ಹಾಗೇ ಉಳಿದಿರುತ್ತದೆ. ನನ್ನ ಹತ್ತಿರ ಇರುವ ಒಂದು ಸಂಪುಟದ ಮೊದಲ ಪುಟದಲ್ಲಿ ಯಾವುದೋ ಹುಡುಗಿ ನೀಲಿ ಶಾಯಿಯಲ್ಲಿ ಕಥೆಗಳ ಪಟ್ಟಿ ಬರೆದು, ಇಷ್ಟವಾದವಕ್ಕೆ ನಕ್ಷತ್ರ ಹಾಕಿದ್ದಾಳೆ. ಬಹಾದೂರ್ ಕಥೆಗಳಿಗೆಲ್ಲ ನಕ್ಷತ್ರ ಇದೆ. ಆಬಿದ್ ಸುರ್ತಿ ಸೃಷ್ಟಿಸಿದ, ಡಕಾಯಿತರ ವಿರುದ್ಧ ಹೋರಾಡುವ ನಮ್ಮ ದೇಶದ ಹೀರೋ ಅವನು. ಬಿಡಿ ಪ್ರತಿಗಳಲ್ಲಿ ಇಂಥದ್ದು ಎಲ್ಲಿ ಸಿಗಬೇಕು?

ಕೊಳ್ಳುವ ಮೊದಲು ನಾನು ನಡುವಿನ ಪುಟ ತೆಗೆದು ನೋಡುತ್ತೇನೆ. ಪಿನ್ ಸಡಿಲಾದರೆ ಮೊದಲು ಕಳಚಿ ಬೀಳುವುದು ಅದೇ ಹಾಳೆ. ಅದು ಹೋದರೆ ನಾಲ್ಕು ಪುಟದ ಕಥೆ ಹೋದ ಹಾಗೆ. ಆಮೇಲೆ ಅಚ್ಚಾದ ಬೆಲೆ ನೋಡುತ್ತೇನೆ. ಅಮರ ಚಿತ್ರಕಥೆ ಮತ್ತೆ ಮತ್ತೆ ಮರುಮುದ್ರಣ ಆಗಿದೆ, ಬೆಲೆಯೂ ಏರುತ್ತಾ ಬಂದಿದೆ. ಒಂದೇ ಕಥೆಯ ಎರಡು ಪ್ರತಿ ಇದ್ದರೆ ಕಡಿಮೆ ಬೆಲೆಯದ್ದೇ ಸಾಮಾನ್ಯವಾಗಿ ಹಳೆಯದು. ಇಂಗ್ಲಿಷ್ ಪ್ರತಿಯಲ್ಲಿ 501, 502 ಅಂತ ನಂಬರ್ ಕಂಡರೆ ಅದು ಆಮೇಲೆ ಬಂದ ಡೀಲಕ್ಸ್ ಮುದ್ರಣ. ಓದೋಕೆ ಚೆನ್ನಾಗಿದೆ, ಹಳೇದು ಅಂತ ಜಾಸ್ತಿ ಕೊಡಬೇಡಿ. ಪದಬಂಧ ತುಂಬಿದ್ದಾರೆ, ಹೆಸರು ಬರೆದಿದ್ದಾರೆ ಅಂತ ನಾನು ಯಾವತ್ತೂ ಬಿಟ್ಟಿಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ ಪಿನ್ನಿನದು. ತುಕ್ಕು ಕಾಗದವನ್ನು ತಿನ್ನುತ್ತದೆ, ಕರಾವಳಿ ಕಡೆಯಿಂದ ಬಂದವುಗಳಲ್ಲಿ ಇದು ಜಾಸ್ತಿ. ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಕಾಲುಗಳನ್ನು ನಿಧಾನಕ್ಕೆ ನೆಟ್ಟಗೆ ಮಾಡಿ, ಹೊರಬದಿಯಿಂದ ಎಳೆಯುತ್ತೇನೆ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಒಳಗೆ ಗಂಟು ಹಾಕುತ್ತೇನೆ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸುವುದಂತೂ ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಅಂಟು ಹಳದಿಯಾಗಿ ಚಿತ್ರವನ್ನೇ ಕೆಡಿಸುತ್ತದೆ. ಹರಿದದ್ದು ಹಾಗೇ ಇರಲಿ.

ಆಮೇಲೆ ಒಂದೊಂದನ್ನೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸುತ್ತೇನೆ. ಬಟ್ಟೆ ಪ್ಯಾಕ್ ಮಾಡುವ ಕವರು ಸಗಟು ಅಂಗಡಿಯಲ್ಲಿ ಕಟ್ಟುಗಟ್ಟಲೆ ಅಗ್ಗಕ್ಕೆ ಸಿಗುತ್ತದೆ. ಪಿವಿಸಿ ಪ್ಲಾಸ್ಟಿಕ್ ಬೇಡ, ಅದು ಅಂಟಿಕೊಳ್ಳುತ್ತದೆ. ಹುಳದ ಅನುಮಾನ ಇದ್ದರೆ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು ತೆಗೆಯಿರಿ.

ದುಡ್ಡು ಮುಗಿದ ತಿಂಗಳು ಅದಲುಬದಲು ಮಾಡುತ್ತೇನೆ. ಬೈಂಡಿನಲ್ಲಿ ಬಂದ ಎರಡನೇ ಪ್ರತಿಗಳನ್ನು ಧಾರವಾಡದ ಗೆಳೆಯರಿಗೆ ಕೊಟ್ಟು, ಅವರಲ್ಲಿ ಜಾಸ್ತಿ ಇರುವ, ಜಾದೂಗಾರ ಮ್ಯಾಂಡ್ರೇಕ್‌ನ ಇಂದ್ರಜಾಲ ಸಂಚಿಕೆಗಳನ್ನು ತರುತ್ತೇನೆ. 1965ರ ಆ ಹತ್ತರಲ್ಲಿ ಒಂದೂ ಇನ್ನೂ ನನ್ನ ಕೈಗೆ ಬಂದಿಲ್ಲ. ಹಳೇ ಮೈಸೂರು ಕಡೆ ಯಾವ ಊರಿಗೆ ಹೋದರೂ ಪೇಪರ್ ಅಂಗಡಿಯಲ್ಲಿ ಅದನ್ನೇ ಮೊದಲು ಕೇಳುತ್ತೇನೆ.