ಮುತ್ಯಾನ ಲಾಂಗ್ ನೋಟ್‌ಬುಕ್

2022ರ ಮೇ 31ಕ್ಕೆ ನನ್ನ ಕೊನೆಯ ಡ್ಯೂಟಿ ಮುಗಿಯಿತು. 36 ವರ್ಷ ಬಸ್ ಕಂಡಕ್ಟರ್, ಜಾಸ್ತಿ ದಿನ ಕಲಬುರಗಿ–ಜೇವರ್ಗಿ ಕಡೆಯ ರೂಟು. ಸೇರಿದಾಗ ಕೆಎಸ್‌ಆರ್‌ಟಿಸಿ, 2000ದ ಅಕ್ಟೋಬರ್‌ನಿಂದ ಈಶಾನ್ಯ ಸಾರಿಗೆ, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ. ಬಸ್ಸಿನ ಮೇಲಿನ ಹೆಸರು ಬದಲಾಗುತ್ತಾ ಹೋಯಿತು, ನನ್ನ ಹೆಗಲ ಮೇಲಿನ ಚೀಲ ಅಲ್ಲೇ ಇತ್ತು.

ಮನೆಗೆ ಬಂದು ಕೂತ ಮೇಲೆ ಒಂದಿನ ಮೊಮ್ಮಗಳು ಕೇಳಿದಳು, "ಮುತ್ಯಾ, ನಿನ್ನ ಬರ್ತ್‌ಡೇ ಯಾವಾಗ?" ಜೂನ್ 1 ಅಂದೆ. ಒಳಗಿಂದ ನನ್ನ ಹೆಂಡತಿ ನಕ್ಕಳು. "ಅದು ಸಾಲಿ ಮಾಸ್ತರ್ ಕೊಟ್ಟಿದ್ದು. ಅವತ್ತು ಅರ್ಧ ಊರಿನ ಬರ್ತ್‌ಡೇ ಇರ್ತದ." ಹೌದಲ್ವಾ ಅನಿಸಿತು. ಇಷ್ಟು ವರ್ಷ ಸುಳ್ಳು ತಾರೀಖಿಗೆ ಸಹಿ ಹಾಕಿದ್ದೇನೆ. ನನ್ನ ಬದುಕಿನ ಕಥೆ ಬರೆದಿಡೋಣ ಅಂತ ಮರುದಿನವೇ ಅಂಗಡಿಗೆ ಹೋಗಿ 200 ಪುಟದ ಲಾಂಗ್ ನೋಟ್‌ಬುಕ್ ತಂದೆ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. 1962, 1963, 1964 ಅಂತ ಇಸವಿ ಹಾಕಿಕೊಂಡು ಕೂತೆ. ಒಂದು ವಾರದಲ್ಲಿ ಎರಡು ಪುಟವೂ ತುಂಬಲಿಲ್ಲ. ಇಸವಿ ನೋಡಿದರೆ ನನಗೆ ಏನೂ ನೆನಪಾಗುವುದಿಲ್ಲ. ಆದರೆ ಫರಹತಾಬಾದ್, ಕಟ್ಟಿಸಂಗಾವಿಯ ಭೀಮಾ ಸೇತುವೆ, ಜೇವರ್ಗಿ ಅನ್ನಿ, ಪ್ರತಿ ಸ್ಟೇಜಿನಲ್ಲಿ, ಅಂದರೆ ಬಸ್ ನಿಲ್ಲುವ ಜಾಗದಲ್ಲಿ, ಯಾರು ಹತ್ತುತ್ತಿದ್ದರು, ಯಾರು ಕೋಳಿ ಬುಟ್ಟಿಗೆ ಲಗೇಜ್ ಟಿಕೆಟ್ ಯಾಕಂತ ಜಗಳ ತೆಗೆಯುತ್ತಿದ್ದರು, ಎಲ್ಲಾ ಕಣ್ಣ ಮುಂದೆ ಬರುತ್ತದೆ. ಹಂಗಾಗಿ ಇಸವಿ ಬಿಟ್ಟು ಮನೆಗಳನ್ನೇ ಸ್ಟೇಜ್ ಮಾಡಿಕೊಂಡೆ. ಊರಿನ ಮಣ್ಣಿನ ಮಾಳಿಗೆ ಮನೆ, ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆ, ಸಾಲ ಮಾಡಿ ಕಟ್ಟಿದ ಈ ಶಹಾಬಾದ್ ಫರಸಿಯ ಮನೆ. ಬದುಕೇ ಒಂದು ಬಸ್ಸು ಅಂತ ಉಪದೇಶ ಮಾಡುವವನಲ್ಲ ನಾನು, ದಿನಾ ಬಸ್ಸಿನಲ್ಲಿ ನಿಂತವರಿಗೆ ಅಂಥ ಮಾತು ಹೊಳೆಯುವುದಿಲ್ಲ. ಸುಮ್ನೆ ಬಾಗಿಲು ಎಲ್ಲಿತ್ತು, ಒಲೆ ಎಲ್ಲಿತ್ತು, ಯಾರು ಎಲ್ಲಿ ಮಲಗುತ್ತಿದ್ದರು ಅಂತ ಒಂದು ನಕ್ಷೆ ಗೀಚಿದರೆ ಸಾಕು, ಮಾತು ತಾನೇ ಬರುತ್ತದೆ.

ಹುಟ್ಟಿದ ದಿನ ಹುಡುಕಲು ಊರಿಗೆ ಹೋದೆ. ಅವ್ವ ಇಲ್ಲ, ಚಿಗವ್ವ ಇದ್ದಾಳೆ, ಎಂಬತ್ತು ದಾಟಿದೆ. ಮೊಬೈಲ್‌ನಲ್ಲಿ ರೆಕಾರ್ಡ್ ಹಚ್ಚಿ ಪಕ್ಕಕ್ಕಿಟ್ಟೆ. ತಾರೀಖು ಕೇಳಿದರೆ ಹೇಳಲ್ಲ, "ಆಗ ಏನು ನಡೆದಿತ್ತು" ಅಂತ ಕೇಳಬೇಕು. "ಸೀಗಿ ಹುಣ್ಣಿಮಿ ಆಗಿ ಎಂಟು ದಿನಕ್ಕ ಹುಟ್ಟಿದಿ. ಚೀನಾದವರು ಮ್ಯಾಲ ಬಿದ್ದಾರಂತ ಗೌಡರ ಮನಿ ರೇಡಿಯೋದಾಗ ಹೇಳಿದ್ರು, ಊರೆಲ್ಲಾ ಅಲ್ಲೇ ಕೂಡಿತ್ತು, ನಿಮ್ಮವ್ವಗ ಸೂಲಗಿತ್ತಿ ಕರೀಲಿಕ್ಕ ಒಬ್ಬರೂ ಸಿಗಲಿಲ್ಲ." ಪಂಚಾಂಗ ತೆಗೆಸಿದೆ. 1962ರಲ್ಲಿ ಸೀಗಿ ಹುಣ್ಣಿಮೆ ಅಕ್ಟೋಬರ್ 13ಕ್ಕೆ. ಚೀನಾ ದಾಳಿ ಶುರುವಾದದ್ದು ಅಕ್ಟೋಬರ್ 20ಕ್ಕೆ. ಓದು ಬರಹ ಇಲ್ಲದ ಚಿಗವ್ವನ ಲೆಕ್ಕ ಸರಿ, ನನ್ನ ಸರ್ವಿಸ್ ಬುಕ್ ತಪ್ಪು! 1968ರ ಜೂನ್‌ನಲ್ಲಿ ಸಾಲಿಗೆ ಹಾಕುವಾಗ ಆರು ತುಂಬಿರಲಿಲ್ಲ. ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿ, ಮುಟ್ಟಿತು ಅಂತ ಜೂನ್ 1 ಬರೆದುಕೊಂಡರು. ಆ ಕೈಯಿಂದ ನನಗೆ ಐದು ತಿಂಗಳ ಪಗಾರ ಹೋಯಿತು. ಅಕ್ಟೋಬರ್ ಅಂತ ಇದ್ದಿದ್ದರೆ ದೀಪಾವಳಿ ಮುಗಿಸಿಕೊಂಡೇ ಮನೆಗೆ ಬರುತ್ತಿದ್ದೆ.

1972ರ ಬರ ನನಗೇ ನೆನಪಿದೆ. ಹತ್ತು ವರ್ಷ. ಹೊಲದಲ್ಲಿ ಜೋಳವೂ ಇಲ್ಲ, ತೊಗರಿಯೂ ಇಲ್ಲ. ಅಪ್ಪ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆದ. ಮಧ್ಯಾಹ್ನ ರೊಟ್ಟಿ ಗಂಟು ಒಯ್ಯುವುದು ನನ್ನ ಕೆಲಸ. ಮುಂದೆ ಅದೇ ರಸ್ತೆ ಮೇಲೆ ನಮ್ಮ ಬಸ್ ಓಡಿತು. ಒಂದಿನ ಅಪ್ಪ ಹತ್ತಿದ, ದುಡ್ಡು ತೆಗೆದು ಕೈಗಿಟ್ಟ, "ಟಿಕೆಟ್ ಹರಿ, ಚೆಕ್ಕಿಂಗ್‌ನವರು ಬಂದಾರು" ಅಂದ. ಹರಿದೆ. ಇದನ್ನು ಬರೆಯುವ ದಿನ ಪೆನ್ನು ಕೆಳಗಿಟ್ಟು ಬಹಳ ಹೊತ್ತು ಹೊರಗೆ ಕೂತೆ.

ಮಗ ಹೇಳಿದ ಅಂತ ಮೊಬೈಲ್‌ನಲ್ಲಿ ಮಾತಾಡಿ ಟೈಪ್ ಮಾಡಿಸಿಯೂ ನೋಡಿದೆ. ಅದಕ್ಕೆ ನಮ್ಮ ಕಡೆಯ ಮಾತು ತಿಳಿಯಲಿಲ್ಲ, ಬಿಟ್ಟೆ.

ಹಳೇ ಲಗ್ನಪತ್ರಿಕೆ, ರೇಷನ್ ಕಾರ್ಡ್, ಫೋಟೋ ಹಿಂದಿನ ಸ್ಟುಡಿಯೋ ಮುದ್ರೆ, ಎಲ್ಲಾ ಗುಡ್ಡೆ ಹಾಕಿಕೊಂಡೆ. ತಾರೀಖು ಸಿಕ್ಕಿತು. ಆದರೆ ಬ್ರಹ್ಮಪುರದ ಮನೆಗೆ ಬಂದಾಗ ಕೈ ನಿಂತಿತು. ಮಕ್ಕಳು ಹುಟ್ಟಿದ್ದು, ನಡೆದದ್ದು, ಸಾಲಿಗೆ ಹೋದದ್ದು ಎಲ್ಲಾ ಆ ಮನೆಯಲ್ಲಿ. ನಾನು ಮಾತ್ರ ಅಲ್ಲಿರಲಿಲ್ಲ. ಭತ್ಯೆ ಆಸೆಗೆ ನಾನಾಗಿಯೇ ನೈಟ್ ಹಾಲ್ಟ್ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ರಾತ್ರಿ ಯಾವುದೋ ಹಳ್ಳಿಯ ಹಣಮಪ್ಪನ ಗುಡಿ ಕಟ್ಟೆ ಮೇಲೆ ನಿದ್ದೆ, ಯಾರೋ ತಂದುಕೊಟ್ಟ ರೊಟ್ಟಿ, ಪುಂಡಿ ಪಲ್ಯ, ಬೆಳಗಾಗುವ ಮುಂಚೆ ಫಸ್ಟ್ ಬಸ್. ಮಗಳು ಹುಟ್ಟಿದ ಸುದ್ದಿ ತಿಳಿದದ್ದು ಫರಹತಾಬಾದ್ ಹತ್ತಿರ. ಎದುರಿನ ಬಸ್ಸಿನ ಡ್ರೈವರ್ ನಿಲ್ಲಿಸಿ, ಕಿಟಕಿಯಿಂದ ತಲೆ ಹಾಕಿ, "ಏ ಕಂಡಕ್ಟರ್, ಹೆಣ್ಣು ಹುಟ್ಯಾದ!" ಅಂತ ಒದರಿದ. ಬಸ್ಸಿನವರೆಲ್ಲಾ ಚಪ್ಪಾಳೆ ಹೊಡೆದರು. ನಾನು ಉಳಿದ ಟಿಕೆಟ್ ಹರಿಯುತ್ತಾ ಹೋದೆ.

ಇಷ್ಟೇ ನನಗೆ ಗೊತ್ತಿದ್ದದ್ದು. ಹೆಂಡತಿಗೆ ಓದಿ ಹೇಳಿದೆ.

"ಚಪ್ಪಾಳಿ ಬರ್ದೀರಿ, ಚಲೋ ಆತು. ಮನಿಗೆ ಯಾವಾಗ ಬಂದ್ರಿ, ಅದು ಬರೀಲಿಲ್ಲ?"

"ಯಾವಾಗ ಬಂದೆ?"

"ಮೂರನೇ ದಿನ. ಅದೂ ಯೂನಿಫಾರ್ಮ್ ಮ್ಯಾಲೆ. ಚೀಲ ಇಳಿಸಲಾರದೇ ಕೂಸಿನ ಮುಖ ನೋಡಿ, ಡಿಪೋಕ್ಕ ಕ್ಯಾಶ್ ಕಟ್ಟಬೇಕಂತ ಹೋದ್ರಿ."

ನಾನು ಮೊದಲಿಂದಲೂ ಬಲಗಡೆ ಪುಟದಲ್ಲಿ ಮಾತ್ರ ಬರೆಯುತ್ತಿದ್ದೆ, ತಪ್ಪಿದ್ದರೆ ತಿದ್ದಲು ಎಡಗಡೆ ಖಾಲಿ. ಅವಳು ಹೇಳಿದ್ದನ್ನು ಅಲ್ಲೇ ಬರೆದೆ. ಮರುದಿನ ಇನ್ನಷ್ಟು ಹೇಳಿದಳು, ಅದೂ ಎಡಕ್ಕೆ. ಬಾಡಿಗೆ ಮನೆ ಮಾಲಕರ ಕಾಟ, ಮಗನಿಗೆ ಜ್ವರ ಬಂದ ರಾತ್ರಿ, ಶರಣಬಸವೇಶ್ವರ ಜಾತ್ರೆಯಲ್ಲಿ ಮಗಳು ಅರ್ಧ ತಾಸು ಕಳೆದುಹೋದದ್ದು. ಈ ಜಾತ್ರೆ ವಿಷಯ ನನಗೆ ಈಗಲೇ ತಿಳಿದದ್ದು! ಅವಳ ಅಕ್ಷರ ನನ್ನದಕ್ಕಿಂತ ಚೆಂದ ಅಂತ ಕೊನೆಗೆ ಪೆನ್ನು ಅವಳ ಕೈಗೇ ಕೊಟ್ಟೆ.

ನೋಟ್‌ಬುಕ್ ಮುಗಿಯುವಾಗ ಎಡಗಡೆ ತುಂಬಿ ಅಂಚಿನಲ್ಲೆಲ್ಲಾ ಬರಹ, ಬಲಗಡೆ ಅಲ್ಲಲ್ಲಿ ಖಾಲಿ. ಮೊನ್ನೆ ಎರಡನೇ ಪುಸ್ತಕ ತಂದೆ. ಇದರಲ್ಲಿ ಬಲಗಡೆ ಅವಳದು.