ನಮ್ಮ 30×40 ಸೈಟಿಗೆ ಪ್ಲಾನ್ ಸ್ಯಾಂಕ್ಷನ್ ಮಾಡಿಸಿದ್ದು: ನನ್ನ ಅನುಭವ

ಬೆಂಗಳೂರಲ್ಲಿ ನಮ್ಮದೊಂದು 30×40 ಅಡಿ ಸೈಟು, ಎ ಖಾತಾ (ಪಾಲಿಕೆ ಲೆಕ್ಕದಲ್ಲಿ ಕಾಗದಪತ್ರ ಸಕ್ರಮವಾಗಿರೋ ಆಸ್ತಿ). 2024ರ ಕೊನೇಲಿ ಮನೆ ಕಟ್ಟೋಣ ಅಂತ ಹೊರಟ್ವಿ, ಗ್ರೌಂಡ್ ಮೇಲೆ ಒಂದು ಫ್ಲೋರ್ ಅಷ್ಟೆ. ಮನೆ ಕಟ್ಟೋಕೆ ಹೊರಟಿರೋರಿಗೆ ನಾನು ಮೊದ್ಲು ಹೇಳೋದು, ಡ್ರಾಯಿಂಗ್ ಹಾಕಿಸೋಕ್ ಮುಂಚೆ ಟೇಪ್ ಹಿಡ್ಕೊಂಡು ಸೈಟಿಗೆ ಹೋಗಿ, ಕ್ರಯಪತ್ರದಲ್ಲಿ ಇರೋ ಅಳತೆ ನೆಲದ ಮೇಲೆ ಇದೆಯಾ ನೋಡಿ.

ನಮಗೆ ಮೊದ್ಲು ಸಿಕ್ಕ ಇಂಜಿನಿಯರ್ ವಾಟ್ಸಾಪಲ್ಲಿ ಕ್ರಯಪತ್ರದ ಫೋಟೋ ತರಿಸ್ಕೊಂಡು ಎರಡೇ ದಿನಕ್ಕೆ ಡ್ರಾಯಿಂಗ್ ಕಳಿಸ್ಬಿಟ್ರು, ಸೈಟ್ ಕಡೆ ತಲೆನೂ ಹಾಕಿರ್ಲಿಲ್ಲ. ನಂಗ್ಯಾಕೋ ಸಮಾಧಾನ ಆಗ್ಲಿಲ್ಲ. ಭಾನುವಾರ ನಾನು, ನನ್ನ ಹೆಂಡ್ತಿ ಹೋಗಿ ಅಳೆದ್ವಿ. ರಸ್ತೆ ಕಡೆ ಸರಿಯಾಗಿ 30 ಅಡಿ. ಹಿಂದುಗಡೆ ಗಿಡಗಂಟಿ ಸವರಿ ಟೇಪ್ ಹಿಡಿದ್ರೆ 29 ಅಡಿ 6 ಇಂಚು, ಪಕ್ಕದವರ ಕಾಂಪೌಂಡ್ ನಮ್ಮ ಕಡೆ ವಾಲ್ಕೊಂಡು ಬಂದಿದೆ! ಆ ಡ್ರಾಯಿಂಗ್ ನಂಬಿ ಪಾಯ ಹಾಕಿದ್ರೆ ಅರ್ಧ ಅಡಿ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಅಲ್ಲೇ ಹೋಗಿರೋದು. ಬೇರೆ ಇಂಜಿನಿಯರನ್ನ ಹುಡುಕಿ, ಅವ್ರನ್ನ ಸೈಟಿಗೇ ಕರ್ಕೊಂಡ್ ಹೋಗಿ, ನೆಲದ ಮೇಲೆ ಸಿಕ್ಕ ಕಮ್ಮಿ ಅಳತೆಗೇ ಹೊಸದಾಗಿ ಪ್ಲಾನ್ ಹಾಕಿಸಿದೆ.

ಅದಕ್ಕಿಂತ ಹೆಚ್ಚು ದಿನ ತಿಂದಿದ್ದು ಇ-ಖಾತಾ, ಅಂದ್ರೆ ಪಾಲಿಕೆಯ ಡಿಜಿಟಲ್ ಖಾತಾ ಮಾಡಿಸೋದು. ಕಾವೇರಿ ವೆಬ್‌ಸೈಟಲ್ಲಿ ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ತೆಗೆಸ್ದೆ, ಟ್ಯಾಕ್ಸ್ ರಸೀದಿ ಹುಡುಕಿಟ್ಟೆ, ನೋಡಿದ್ರೆ ಕ್ರಯಪತ್ರದಲ್ಲಿ ಬರೀ ಇನಿಷಿಯಲ್, ಆಧಾರಲ್ಲಿ ಅಪ್ಪನ ಪೂರ್ತಿ ಹೆಸರು. ಅದನ್ನ ಸರಿ ಮಾಡಿಸೋ ತನಕ ಮುಂದಕ್ಕೆ ಹೋಗೋ ಹಾಗಿರ್ಲಿಲ್ಲ. ಹೆಸರು, ಚೆಕ್ಕುಬಂದಿ, ಅಳತೆ ಈ ಮೂರನ್ನ ಎಲ್ಲಾ ಕಾಗದದಲ್ಲೂ ಒಂದೊಂದಾಗಿ ಪಕ್ಕಪಕ್ಕ ಇಟ್ಟು ನೋಡ್ಕೊಳಿ.

ಪ್ಲಾನಿಗೆ ಅರ್ಜಿ ಹಾಕಿದ್ದು ನಂಬಿಕೆ ನಕ್ಷೆ ಅನ್ನೋ ಪಾಲಿಕೆಯ ಆನ್‌ಲೈನ್ ಯೋಜನೆಲಿ. 50×80 ವರೆಗಿನ ಸೈಟಲ್ಲಿ ನಾಲ್ಕು ಮನೆ ತನಕ ಕಟ್ಟೋರಿಗೆ ಅದು. ನೋಂದಾಯಿತ ಇಂಜಿನಿಯರ್ ಇಲ್ಲಾ ಆರ್ಕಿಟೆಕ್ಟ್ ಸ್ವಯಂ ದೃಢೀಕರಣ ಮಾಡಿ ಆನ್‌ಲೈನಲ್ಲಿ ಹಾಕ್ತಾರೆ, ಮೊದ್ಲು ತಾತ್ಕಾಲಿಕ ಅನುಮತಿ ಬರುತ್ತೆ, ಪರಿಶೀಲನೆ ಆಮೇಲೆ. ಕಾಗದ ಸರಿ ಇದ್ದಿದ್ರಿಂದ ನಮಗೆ ಈ ಹಂತ ಕಷ್ಟ ಆಗ್ಲಿಲ್ಲ. ಮಳೆನೀರು ಕೊಯ್ಲಿನ ಗುಂಡಿ ಪ್ಲಾನಲ್ಲೇ ತೋರಿಸ್ಬಿಡಿ, ಹೊಸ ಮನೆಗೆ 30×40 ಸೈಟಿಂದಲೇ ಕಡ್ಡಾಯ.

ಅಷ್ಟರಲ್ಲಿ ಡಿಸೆಂಬರ್ 17ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು, ಒಸಿ (ಪ್ಲಾನ್ ಪ್ರಕಾರವೇ ಕಟ್ಟಿದೀರಿ ಅಂತ ಪಾಲಿಕೆ ಕೊಡೋ ಸ್ವಾಧೀನ ಪತ್ರ) ಇಲ್ದೇ ಕರೆಂಟು ನೀರಿನ ಕನೆಕ್ಷನ್ ಕೊಡಬಾರ್ದು ಅಂತ. ಆಮೇಲೆ ಸಣ್ಣ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಡ್ತು, ಆದ್ರೆ ಆಗ ನಮಗದು ಗೊತ್ತಿರ್ಲಿಲ್ವಲ್ಲ, ಒಂದೊಂದು ಇಂಚಿಗೂ ಭಯ.

ಮಾರ್ಕಿಂಗ್ ದಿನ ಬೆಳಿಗ್ಗೆ ಮೇಸ್ತ್ರಿ ಆಗ್ಲೇ ದಾರ ಕಟ್ಟಿ ಸುಣ್ಣ ಹಾಕ್ಬಿಟ್ಟಿದ್ರು. ಅಳೆದ್ರೆ ಪಕ್ಕದಲ್ಲಿ ಬಿಟ್ಟಿರೋದು ಮೂರಡಿ, ಪ್ಲಾನಲ್ಲಿ ಇರೋದು ಒಂದು ಮೀಟರು. "ಒಂದು ಮೀಟ್ರು ಅಂದ್ರೆ ಮೂರಡೀನೇ ಅಲ್ವಾ ಸಾರ್" ಅಂದ್ರು. ಮೂರಡಿ ಮೂರೂ ಕಾಲಿಂಚಿಗಿಂತ ಜಾಸ್ತಿ ಕಣಪ್ಪಾ ಅಂತ ಟೇಪ್ ತಿರುಗಿಸಿ ಸೆಂಟಿಮೀಟರ್ ಕಡೆ ತೋರಿಸ್ದೆ. ಅವ್ರು ಏನೂ ಬೇಜಾರ್ ಮಾಡ್ಕೊಳ್ದೆ ಸುಣ್ಣ ಅಳಿಸಿ ಮತ್ತೆ ಗೆರೆ ಎಳೆದ್ರು. ನಾಲ್ಕೂ ಮೂಲೆಲಿ ಟೇಪ್ ಇಟ್ಟು ಫೋಟೋ ತೆಗೆದು ಇಂಜಿನಿಯರಿಗೆ ಕಳಿಸ್ದೆ, ಅವ್ರು ಓಕೆ ಅಂದ್ಮೇಲೇ ಜೆಸಿಬಿ ಕರೆಸಿದ್ದು.