ಹೆಕ್ಸ್ ಆಟ: ಮಣೆ ಬರೆಯುವುದರಿಂದ ಸೇತುವೆ ಕಟ್ಟುವವರೆಗೆ

ಹೆಕ್ಸ್ ಇಬ್ಬರು ಆಡುವ ಆಟ. ಇದರಲ್ಲಿ ದಾಳವಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ, ಒಮ್ಮೆ ಇಟ್ಟ ಕಾಯಿಯನ್ನು ಸರಿಸುವುದಾಗಲಿ ಹೊಡೆಯುವುದಾಗಲಿ ಇಲ್ಲ. ಡೆನ್ಮಾರ್ಕಿನ ಪೀಟ್ ಹೈನ್ ಇದನ್ನು 1942ರಲ್ಲಿ ರೂಪಿಸಿದರು. ಕೆಲವು ವರ್ಷಗಳ ಬಳಿಕ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಅವರಿಗೂ ಇದೇ ಆಟ ಸ್ವತಂತ್ರವಾಗಿ ಹೊಳೆಯಿತು. ನಿಯಮಗಳನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ್ದರಿಂದ ಕಲಿಸುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಹೊಸಬರು ಕಾಯಿಯ ಪಕ್ಕಕ್ಕೆ ಕಾಯಿ ಇಡುತ್ತಾ ಹೋಗಿ ಬೇಸರಪಡುತ್ತಾರೆ. ಆಟದ ರುಚಿ ಹತ್ತುವುದು ‘ಸೇತುವೆ’ ಎಂಬುದು ಅರ್ಥವಾದ ಮೇಲೆಯೇ.

ರೂಢಿಯ ಮಣೆಯಲ್ಲಿ 11 ಸಾಲು, ಸಾಲಿಗೆ 11ರಂತೆ ಒಟ್ಟು 121 ಮನೆಗಳಿರುತ್ತವೆ. ಕಲಿಯುವವರಿಗೆ 7 ಸಾಲಿನ ಮಣೆಯೇ ಒಳ್ಳೆಯದೆಂದು ನನ್ನ ಅನಿಸಿಕೆ, ಏಕೆಂದರೆ ತಪ್ಪು ಎಲ್ಲಾಯಿತೆಂಬುದು ಅದರಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಕಾಗದದ ಮೇಲೆ ನಾಣ್ಯವಿಟ್ಟು, ಒಂದಕ್ಕೊಂದು ತಾಗುವಂತೆ 7 ವೃತ್ತಗಳನ್ನು ಸಾಲಾಗಿ ಬರೆಯಿರಿ. ಕೆಳಗಿನ ಸಾಲನ್ನು ಅರ್ಧ ವೃತ್ತದಷ್ಟು ಬಲಕ್ಕೆ ಸರಿಸಿ, ಮೇಲಿನ ವೃತ್ತಗಳ ನಡುವಿನ ಸಂದಿಯಲ್ಲಿ ಕೂರುವಂತೆ ಬರೆಯಿರಿ. ಹೀಗೆ 7 ಸಾಲು ಮುಗಿದಾಗ ಓರೆಯಾದ ಚೌಕವೊಂದು ಮೂಡುತ್ತದೆ, ಅಂಚಿನ ಮನೆಗಳನ್ನು ಬಿಟ್ಟರೆ ಅದರೊಳಗಿನ ಪ್ರತಿಯೊಂದು ಮನೆಗೂ ಆರು ನೆರೆಮನೆಗಳಿರುತ್ತವೆ. ಕಾಯಿಗಳಿಗೆ ಎರಡು ಬಣ್ಣದ ಗುಂಡಿಗಳು ಸಾಕು.

ಮೇಲಿನ ಮತ್ತು ಕೆಳಗಿನ ಅಂಚುಗಳು ಕೆಂಪಿನವರದು, ಎಡಬಲದ ಅಂಚುಗಳು ನೀಲಿಯವರದು. ಮೂಲೆಯ ಮನೆಗಳು ಇಬ್ಬರಿಗೂ ಸೇರಿದವು. ಸರದಿಯಂತೆ ಒಬ್ಬೊಬ್ಬರು ಒಂದೊಂದು ಕಾಯಿಯನ್ನು ಯಾವುದಾದರೂ ಖಾಲಿ ಮನೆಯಲ್ಲಿ ಇಡಬೇಕು. ತನ್ನ ಎರಡು ಅಂಚುಗಳನ್ನು ತನ್ನದೇ ಕಾಯಿಗಳ ಎಡೆಬಿಡದ ಸರಪಳಿಯಿಂದ ಮೊದಲು ಕೂಡಿಸಿದವರು ಗೆಲ್ಲುತ್ತಾರೆ. ಸರಪಳಿ ಎಷ್ಟೇ ಸುತ್ತಿ ಬಳಸಿ ಬಂದರೂ ಸರಿಯೇ. ಡ್ರಾ ಆಗುವುದು ಸಾಧ್ಯವೇ ಇಲ್ಲ. ಒಬ್ಬರ ದಾರಿಯನ್ನು ಪೂರ್ತಿ ಮುಚ್ಚಬೇಕಾದರೆ ಇನ್ನೊಬ್ಬರು ತಮ್ಮ ದಾರಿಯನ್ನು ಕೂಡಿಸಿಯೇ ತೀರಬೇಕಾಗುತ್ತದೆ, ಆದ್ದರಿಂದ ಇಲ್ಲಿ ತಡೆಯುವುದೂ ಮುನ್ನುಗ್ಗುವುದೂ ಒಂದೇ ಕೆಲಸ.

ಮೊದಲು ಆಡುವವರಿಗೆ ಗೆಲ್ಲುವ ತಂತ್ರ ಇದ್ದೇ ಇದೆ ಎಂದು ನ್ಯಾಶ್ ಸಾಧಿಸಿ ತೋರಿಸಿದರು, ಆ ತಂತ್ರ ಯಾವುದೆಂಬುದನ್ನು ಅವರ ಸಾಧನೆ ಹೇಳುವುದಿಲ್ಲ. ಈ ಅನುಕೂಲವನ್ನು ಸರಿದೂಗಿಸಲು, ಮೊದಲ ಕಾಯಿ ಬಿದ್ದ ಕೂಡಲೇ ಎರಡನೆಯವರು ಬೇಕಿದ್ದರೆ ಪಕ್ಷ ಬದಲಿಸಿ ಆ ಕಾಯಿಯನ್ನೇ ತಮ್ಮದಾಗಿಸಿಕೊಳ್ಳಬಹುದು ಎಂಬ ನಿಯಮವಿದೆ. ಇದನ್ನು ಮೊದಲ ದಿನದಿಂದಲೇ ಬಳಸಿ. ಆಗ ಯಾರೂ ನಟ್ಟನಡುವಿನ ಮನೆಯಿಂದ ಆಟ ಶುರುಮಾಡುವುದಿಲ್ಲ.

ಇನ್ನು ಸೇತುವೆ. ಮಣೆಯ ನಡುಮನೆಯಲ್ಲಿ, ಎಂದರೆ 4ನೆಯ ಸಾಲಿನ 4ನೆಯ ಮನೆಯಲ್ಲಿ, ಒಂದು ಕೆಂಪು ಕಾಯಿ ಇಡಿ. 6ನೆಯ ಸಾಲಿನ 3ನೆಯ ಮನೆಯಲ್ಲಿ ಇನ್ನೊಂದು ಇಡಿ. ಇವೆರಡೂ ತಾಗುವುದಿಲ್ಲ, ಆದರೆ ನಡುವಿನ 5ನೆಯ ಸಾಲಿನಲ್ಲಿ ಎರಡಕ್ಕೂ ತಾಗುವ ಎರಡು ಖಾಲಿ ಮನೆಗಳಿವೆ. ನೀಲಿ ಒಂದನ್ನು ಹಿಡಿದರೆ ಕೆಂಪು ಇನ್ನೊಂದನ್ನು ಹಿಡಿಯುತ್ತದೆ, ಕೊಂಡಿ ಕೂಡಿಕೊಳ್ಳುತ್ತದೆ. ಅಂಚಿಗೂ ಇದೇ ಲೆಕ್ಕ: 6ನೆಯ ಸಾಲಿನ ಆ ಕಾಯಿಗೆ ಕೆಳಗಿನ ಅಂಚಿನಲ್ಲಿ ಎರಡು ಖಾಲಿ ಮನೆಗಳು ತಾಗಿರುವುದರಿಂದ ಅದು ಅಂಚನ್ನು ಸೇರಿದಂತೆಯೇ. ಈಗ 2ನೆಯ ಸಾಲಿನ 5ನೆಯ ಮನೆಯಲ್ಲಿ ಮೂರನೆಯ ಕೆಂಪು ಕಾಯಿ ಇಟ್ಟು ನೋಡಿ. ಈ ಜೋಡಿ ಮನೆಗಳೆಲ್ಲ ಖಾಲಿಯಿದ್ದರೆ ಕೇವಲ ಮೂರು ಕಾಯಿಗಳಿಂದ ಮೇಲಿನಿಂದ ಕೆಳಗಿನವರೆಗಿನ ದಾರಿ ಖಚಿತವಾಯಿತು. ಒಂದು ಎಚ್ಚರಿಕೆ: ಎರಡು ಸೇತುವೆಗಳು ಒಂದೇ ಖಾಲಿ ಮನೆಯನ್ನು ನೆಚ್ಚಿಕೊಂಡಿರಬಾರದು. ಎದುರಾಳಿ ಅಲ್ಲಿ ಕಾಯಿ ಇಟ್ಟರೆ ಎರಡಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ, ನೀವು ಉಳಿಸಿಕೊಳ್ಳಬಹುದಾದದ್ದು ಒಂದನ್ನು ಮಾತ್ರ.

ತಡೆಯುವಾಗ ಹೊಸಬರು ಎದುರಾಳಿಯ ಕಾಯಿಗೆ ತಾಗಿಸಿಯೇ ತಮ್ಮ ಕಾಯಿ ಇಡುತ್ತಾರೆ, ಎದುರಾಳಿ ಪಕ್ಕದಿಂದ ಸಲೀಸಾಗಿ ದಾಟಿಹೋಗುತ್ತಾರೆ. ಎರಡು ಮೂರು ಸಾಲು ಮುಂದೆ, ಅವರು ತಲುಪಬೇಕಾದ ಅಂಚಿನ ಕಡೆಗೆ ಕಾಯಿ ಇಟ್ಟರೆ, ಅವರು ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಉತ್ತರಿಸಲು ನಿಮಗೆ ಜಾಗವಿರುತ್ತದೆ. ಆ ಕಾಯಿ ನಿಮ್ಮ ಹಿಂದಿನ ಕಾಯಿಯೊಂದಕ್ಕೆ ಸೇತುವೆಯೂ ಆಗುವಂತಿದ್ದರೆ ಬೇರೆ ನಡೆ ಹುಡುಕಬೇಡಿ, ಅಲ್ಲೇ ಇಡಿ.